ಲಾ ಕಾಲೇಜಿನ ಮೊದಲ ವರ್ಷದ ಒತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಲ್ಲಿ ಈ ವರ್ಷ ಸೇರಿದವರಿಗಾಗಿ. ಮೂರು ವರ್ಷದ ಎಲ್‌ಎಲ್‌ಬಿ ಆಗಲಿ, ಪಿಯುಸಿ ಮುಗಿಸಿ ಸೇರುವ ಐದು ವರ್ಷದ ಕೋರ್ಸ್ ಆಗಲಿ, ಮೊದಲ ಕೆಲವು ತಿಂಗಳ ಕಷ್ಟ ಹೆಚ್ಚುಕಮ್ಮಿ ಒಂದೇ. ನಾನು ವಕೀಲಿ ಮಾಡುತ್ತೇನೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಆಫೀಸಿಗೆ ಬಂದು ಇವೇ ಪ್ರಶ್ನೆ ಕೇಳುತ್ತಾರೆ. ಅವರ ಹೆದರಿಕೆ ನೋಡಿದಾಗ ಸಂಕಟ ಆಗುತ್ತದೆ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಯಾರೂ ಸರಿಯಾಗಿ ಹೇಳಿಕೊಡದೆ ಇದ್ದುದರಿಂದ ಬಂದದ್ದು.

ಕ್ಲಾಸು ಶುರುವಾಗಿ ಕೆಲವು ವಾರ ಆಯಿತು. ಒಂದೂ ತಲೆಗೆ ಹತ್ತುತ್ತಿಲ್ಲ. ಲಾ ನನಗೆ ಒಗ್ಗುವುದಿಲ್ಲವಾ?

ಒಗ್ಗುತ್ತದೆ. ಇಷ್ಟು ಬೇಗ ತೀರ್ಮಾನ ಮಾಡಬೇಡಿ. ಬಿಕಾಂಗೆ ಸೇರುವವರು ಪಿಯುಸಿಯಲ್ಲೇ ಅಕೌಂಟೆನ್ಸಿ ಓದಿರುತ್ತಾರೆ. ಲಾಗೆ ಹಾಗೆ ಹಿಂದಿನ ತಳಪಾಯ ಯಾರಿಗೂ ಇರುವುದಿಲ್ಲ. ಬಿಎ ಮಾಡಿದವರಿಗೂ, ಇಂಜಿನಿಯರಿಂಗ್ ಮುಗಿಸಿ ಬಂದವರಿಗೂ ಕಾಂಟ್ರಾಕ್ಟ್ (ಒಪ್ಪಂದದ ಕಾನೂನು) ಮತ್ತು ಟಾರ್ಟ್ಸ್ (ನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ತಪ್ಪುಗಳು) ಒಂದೇ ಸಮ ಹೊಸವು. ಮೇಲಾಗಿ ವಿಷಯಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಅರ್ಧ ಗೊತ್ತಾಗಲು ಇನ್ನೊಂದು ಅರ್ಧ ಗೊತ್ತಿರಬೇಕು. ಹಾಗಾಗಿ ಮೊದಲ ಸೆಮಿಸ್ಟರ್ ಪೂರ್ತಿ ಮಸುಕು ಮಸುಕಾಗಿಯೇ ಹೋಗುತ್ತದೆ. ಎರಡನೆಯದರಲ್ಲಿ ಹಿಂದೆ ಓದಿದ್ದು ತಾನಾಗಿ ಅರ್ಥವಾಗಲು ಶುರುವಾಗುತ್ತದೆ.

ಒತ್ತಡಕ್ಕೆ ದೊಡ್ಡ ಕಾರಣ ಇನ್ನೊಂದಿದೆ: ಎಲ್ಲವನ್ನೂ ಬಾಯಿಪಾಠ ಮಾಡಬೇಕು ಅನ್ನುವ ನಂಬಿಕೆ. ಎಸ್ಸೆಸ್ಸೆಲ್ಸಿಯಿಂದ ನಮ್ಮನ್ನು ಹಾಗೇ ಬೆಳೆಸಿದ್ದಾರೆ. ಲಾ ಓದಿಗೆ ಆ ರೀತಿ ಹೊಂದುವುದಿಲ್ಲ. ದಿನಾ ಸ್ವಲ್ಪ ಓದಿ, ಓದಿದ್ದನ್ನು ಸ್ವಂತ ಮಾತಲ್ಲಿ ಬರೆಯುವವರಿಗೆ ಇದು ಒಲಿಯುತ್ತದೆ. ಮುಂದಿನ ಬಹಳಷ್ಟು ಉತ್ತರಗಳಲ್ಲಿ ನಾನು ಇದನ್ನೇ ಮತ್ತೆ ಮತ್ತೆ ಹೇಳಿದ್ದೇನೆ.

ನಾನು ಪಿಯುಸಿವರೆಗೂ ಕನ್ನಡ ಮೀಡಿಯಂ. ಕ್ಲಾಸಲ್ಲಿ ಇಂಗ್ಲಿಷ್ ಕೇಳಿದರೆ ಎದೆ ಢವಢವ ಅನ್ನುತ್ತದೆ. ಏನು ಮಾಡಲಿ?

ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಪರೀಕ್ಷೆಯ ಮಾತು. ನಮ್ಮ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲೇ ಸೂಚನೆ ಇರುತ್ತದೆ: ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬೇಕು. ಅಂದರೆ ಕನ್ನಡದಲ್ಲಿ ಬರೆಯುವುದು ನಿಮ್ಮ ಹಕ್ಕು, ಯಾರೂ ಕೊಡುವ ರಿಯಾಯಿತಿ ಅಲ್ಲ. ‘ಪೂರ್ತಿ’ ಅನ್ನುವುದನ್ನು ಮಾತ್ರ ಮರೆಯಬೇಡಿ. ಒಂದು ಉತ್ತರ ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ ಅಂತ ಬರೆಯುವ ಹಾಗಿಲ್ಲ.

ಎರಡನೆಯದು ಕೆಲಸದ ಮಾತು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಗಳು ಮಾತಾಡುವುದು ಕನ್ನಡದಲ್ಲಿ. ಪೊಲೀಸ್ ದೂರು, ಮಹಜರು, ಕ್ರಯಪತ್ರ, ಪಹಣಿ ಎಲ್ಲವೂ ಕನ್ನಡದಲ್ಲಿ. ಮುದುಕರೊಬ್ಬರು ಕಟಕಟೆಯಲ್ಲಿ ನಿಂತು ಹೇಳುವ ಮಾತಿನ ಧಾಟಿ ಹಿಡಿಯಲು ಒಳ್ಳೆಯ ಕನ್ನಡ ಬೇಕು. ಆ ಬಂಡವಾಳ ನಿಮ್ಮ ಹತ್ತಿರ ಆಗಲೇ ಇದೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ವ್ಯವಹಾರ ಮಾತ್ರ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದ್ದರಿಂದ ಕನ್ನಡದಲ್ಲಿ ಪರೀಕ್ಷೆ ಬರೆದರೂ ಇಂಗ್ಲಿಷಿನಲ್ಲಿ ಓದುವ ಅಭ್ಯಾಸ ಬಿಡಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಅಭ್ಯಾಸ ಹೀಗೆ ಮಾಡಿ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಡಿ. ದಿನಕ್ಕೆ ಒಂದೇ ಸೆಕ್ಷನ್ ತೆಗೆದುಕೊಳ್ಳಿ. ಉದಾಹರಣೆಗೆ 1872ರ ಕಾಂಟ್ರಾಕ್ಟ್ ಆಕ್ಟಿನ 11ನೇ ಸೆಕ್ಷನ್. ಇಂಗ್ಲಿಷಿನಲ್ಲಿ ಅದು ಒಂದೇ ಉದ್ದ ವಾಕ್ಯ, ನೋಡಿದರೆ ಗಾಬರಿ ಆಗುತ್ತದೆ. ಅದನ್ನು ಹಾಗೇ ಬರೆದುಕೊಳ್ಳಿ. ಆಮೇಲೆ ಪೆನ್ಸಿಲ್ಲಿನಲ್ಲಿ ಮೂರು ತುಂಡು ಮಾಡಿ. ಕೆಳಗೆ ನಿಮ್ಮ ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆಯಿರಿ: ‘ಒಪ್ಪಂದ ಮಾಡಿಕೊಳ್ಳುವವರಿಗೆ ವಯಸ್ಸು ತುಂಬಿರಬೇಕು. ಬುದ್ಧಿ ಸ್ಥಿಮಿತದಲ್ಲಿರಬೇಕು. ಬೇರೆ ಯಾವ ಕಾನೂನೂ ಅವರಿಗೆ ಅಡ್ಡಿ ಮಾಡಿರಬಾರದು.’ ಇಷ್ಟೇ. ಪಕ್ಕದಲ್ಲಿ ಹೊಸ ಪದಗಳನ್ನು ಗುರುತು ಹಾಕಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೋಟ್‌ಬುಕ್ ತುಂಬಿರುತ್ತದೆ, ಇಂಗ್ಲಿಷ್ ಭಯವೂ ಇಳಿದಿರುತ್ತದೆ. ಪದ ಅರ್ಥ ಆಗದಿದ್ದರೆ ಕ್ಲಾಸಿನಲ್ಲೇ ಕೈ ಎತ್ತಿ ಕನ್ನಡದಲ್ಲೇ ಕೇಳಿ. ನಿಮ್ಮ ಹಿಂದಿನ ಬೆಂಚಿನಲ್ಲಿ ಅದೇ ಪ್ರಶ್ನೆ ನುಂಗಿಕೊಂಡು ಕೂತವರು ಇದ್ದೇ ಇರುತ್ತಾರೆ.

ಮೇಷ್ಟ್ರು ‘ಕೇಸ್ ಓದಿಕೊಂಡು ಬನ್ನಿ’ ಅಂತಾರೆ. ಒಂದೊಂದು ತೀರ್ಪು ಐವತ್ತು ಪೇಜು. ಹೇಗೆ ಓದೋದು?

ಪೂರ್ತಿ ಓದಬೇಕಾಗಿಲ್ಲ, ಈಗಂತೂ ಬೇಡವೇ ಬೇಡ. ನಾಲ್ಕು ಪ್ರಶ್ನೆ ಇಟ್ಟುಕೊಂಡು ಓದಿ: ಯಾರು ಯಾರ ಮೇಲೆ? ಏನು ನಡೆಯಿತು? ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಯಾವುದು? ಏನು ತೀರ್ಮಾನ, ಯಾಕೆ?

ಮೇಲೆ ಹೇಳಿದ 11ನೇ ಸೆಕ್ಷನ್ನಿಗೇ ಸೇರಿದ ಮೊಹೊರಿ ಬೀಬಿ ಕೇಸನ್ನು ನೋಡೋಣ. ಕಲ್ಕತ್ತಾದ ಧರ್ಮೋದಾಸ್ ಘೋಷ್ ಅನ್ನುವ ಹುಡುಗ 1895ರಲ್ಲಿ ತನ್ನ ಮನೆಗಳನ್ನು ಬ್ರಹ್ಮೋ ದತ್ ಅನ್ನುವ ಲೇವಾದೇವಿಗಾರನಿಗೆ ಅಡಮಾನ ಬರೆದುಕೊಟ್ಟ. ಪತ್ರದಲ್ಲಿ ಇದ್ದ ಸಾಲ 20,000 ರೂಪಾಯಿ. ಹುಡುಗನಿಗೆ ಆಗ ವಯಸ್ಸು ತುಂಬಿರಲಿಲ್ಲ, ಸಾಲ ಕೊಟ್ಟವನ ಪರವಾಗಿ ವ್ಯವಹಾರ ನೋಡುತ್ತಿದ್ದವನಿಗೆ ಅದು ಗೊತ್ತಿತ್ತು. ಆಮೇಲೆ ಹುಡುಗ ತಾಯಿಯ ಮೂಲಕ ದಾವೆ ಹೂಡಿ ಅಡಮಾನ ರದ್ದು ಮಾಡಿ ಅಂದ. ಕೇಸು ನಡೆಯುವಾಗ ಬ್ರಹ್ಮೋ ದತ್ ತೀರಿಕೊಂಡ, ಅವನ ಹೆಂಡತಿ ಮೊಹೊರಿ ಬೀಬಿ ಮುಂದುವರಿಸಿದಳು. ಪ್ರಶ್ನೆ ಇಷ್ಟು: ಅಪ್ರಾಪ್ತ ವಯಸ್ಸಿನವರು ಮಾಡಿಕೊಂಡ ಒಪ್ಪಂದ ಪೂರ್ತಿ ಅಸಿಂಧುವೋ, ಅವರು ಬೇಕೆಂದರೆ ಮಾತ್ರ ರದ್ದಾಗುವಂಥದ್ದೋ? 1903ರಲ್ಲಿ ಪ್ರಿವಿ ಕೌನ್ಸಿಲ್ (ಲಂಡನ್ನಿನಲ್ಲಿದ್ದ, ಆಗಿನ ಕೊನೆಯ ಮೇಲ್ಮನವಿ ಕೋರ್ಟ್) ಹೇಳಿತು: ಮೊದಲಿಂದಲೇ ಅಸಿಂಧು. ಒಪ್ಪಂದವೇ ಹುಟ್ಟಿಲ್ಲದ ಮೇಲೆ ಅದರ ಆಧಾರದ ಮೇಲೆ ದುಡ್ಡು ವಾಪಸ್ ಕೇಳಲೂ ಬರುವುದಿಲ್ಲ.

ನೋಡಿ, ಅರ್ಧ ಪೇಜಿನಲ್ಲಿ ಮುಗಿಯಿತು. ಇದೇ ನಿಮ್ಮ ನೋಟ್ಸ್. ಒಂದು ಸಲ ಹೀಗೆ ಬರೆದರೆ ಕೇಸು ಮರೆಯುವುದಿಲ್ಲ, ಯಾಕೆಂದರೆ ಅದರಲ್ಲಿ ಮನುಷ್ಯರು ಇದ್ದಾರೆ. ಸಂಜೆ ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಗೆ ಕಥೆಯಾಗಿ ಹೇಳಿ. ‘ಪಾಪ, ಆ ಹೆಂಗಸಿನ ದುಡ್ಡು ಹೋಯ್ತಲ್ಲ, ಇದು ನ್ಯಾಯವಾ’ ಅಂತ ಅವರು ಜಗಳ ತೆಗೆದರೆ ನಿಮ್ಮ ಓದು ಅಲ್ಲಿಂದ ಶುರು.

ಇನ್ನೊಂದು ಸಂತೋಷದ ವಿಷಯ. ಸಂವಿಧಾನದ ಕ್ಲಾಸಿನಲ್ಲಿ ಬರುವ ದೊಡ್ಡ ಕೇಸುಗಳಲ್ಲಿ ಹಲವು ನಮ್ಮ ನೆಲದವು. ಕೇಶವಾನಂದ ಭಾರತಿ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರಾಗಿದ್ದರು, ಯಕ್ಷಗಾನ ಬಲ್ಲವರಾಗಿದ್ದರು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವ ಅವರ ಕೇಸನ್ನು 13 ನ್ಯಾಯಮೂರ್ತಿಗಳು 68 ದಿನ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ರಾಷ್ಟ್ರಪತಿ ಆಳ್ವಿಕೆ ಹೇರುವುದರ ಬಗ್ಗೆ ಇರುವ ಬೊಮ್ಮಾಯಿ ಕೇಸಿನ ಎಸ್.ಆರ್. ಬೊಮ್ಮಾಯಿ ನಮ್ಮ ಮುಖ್ಯಮಂತ್ರಿ ಆಗಿದ್ದವರು. 2017ರ ಖಾಸಗಿತನದ ತೀರ್ಪಿಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಕ್ಯಾಪಿಟೇಶನ್ ಶುಲ್ಕದ (ಸೀಟಿಗಾಗಿ ಕಾಲೇಜು ಕೇಳುವ ಹೆಚ್ಚುವರಿ ದುಡ್ಡಿನ) ಮೋಹಿನಿ ಜೈನ್ ಕೇಸಿನಲ್ಲಿ ಎದುರು ಇದ್ದದ್ದು ಕರ್ನಾಟಕ ಸರ್ಕಾರ. ಇವು ಎಲ್ಲೋ ದೂರದ ವಿಷಯ ಅನ್ನುವ ಅಳುಕು ಬೇಡ.

ಬೇರ್ ಆಕ್ಟ್ ಕೊಳ್ಳಬೇಕಾ? ಗೈಡ್ ಸಾಕಾಗಲ್ವಾ?

ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದ ಕಾಯ್ದೆಯ ಮೂಲ ಪಠ್ಯ, ಬೇಕು. ಗೈಡ್ ಪರೀಕ್ಷೆಯ ಹಿಂದಿನ ವಾರಕ್ಕೆ ಇರಲಿ. ಗೈಡಿನಿಂದಲೇ ಶುರು ಮಾಡಿದರೆ ಸೆಕ್ಷನ್ ಏನು ಹೇಳುತ್ತದೆ, ಗೈಡ್ ಬರೆದವರು ಏನು ಹೇಳುತ್ತಾರೆ ಅನ್ನುವ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದುಡ್ಡಿಲ್ಲದಿದ್ದರೆ ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಕೇಂದ್ರದ ಕಾಯ್ದೆಗಳೆಲ್ಲ ಉಚಿತವಾಗಿ ಸಿಗುತ್ತವೆ. ತೀರ್ಪುಗಳಿಗೆ ಇಂಡಿಯನ್ ಕಾನೂನ್ ಇದೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಇದೆ, ಅದರಲ್ಲಿ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ.

ಸೆಕ್ಷನ್ ನಂಬರ್‌ಗಳೇ ನೆನಪಿರಲ್ಲ. ಸೀನಿಯರ್ ಕೊಟ್ಟ ನೋಟ್ಸಿನಲ್ಲಿ ಒಂದು ನಂಬರ್, ಮೇಷ್ಟ್ರು ಹೇಳೋದು ಇನ್ನೊಂದು!

ಈ ಗೊಂದಲ ನಿಮ್ಮ ತಲೆಯದ್ದಲ್ಲ, ಕಾಲದ್ದು. 2024ರ ಜುಲೈ 1ರಿಂದ ಅಪರಾಧ ಮತ್ತು ಶಿಕ್ಷೆ ಹೇಳುತ್ತಿದ್ದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಸೆಕ್ಷನ್ ಇದ್ದದ್ದು 358 ಆಗಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಊರಲ್ಲಿ ಎಲ್ಲರ ಬಾಯಲ್ಲಿ ಇರುವ 420 ಈಗ 318ರ ನಾಲ್ಕನೇ ಉಪಸೆಕ್ಷನ್. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುತ್ತಿದ್ದ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಎವಿಡೆನ್ಸ್ ಆಕ್ಟ್ ಜಾಗಕ್ಕೆ ಸಾಕ್ಷ್ಯ ಅಧಿನಿಯಮ ಬಂದಿವೆ. ಹಳೇ ನೋಟ್ಸ್ ಎಸೆಯಬೇಡಿ. ತತ್ವಗಳು ಬಹುಪಾಲು ಅವೇ, ಹಳೇ ತೀರ್ಪುಗಳಲ್ಲಿ ಹಳೇ ನಂಬರೇ ಇರುತ್ತದೆ, ಆ ತಾರೀಖಿಗೆ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ. ಒಂದು ಹಾಳೆಯಲ್ಲಿ ಎಡಕ್ಕೆ ಹಳೇ ನಂಬರ್, ಬಲಕ್ಕೆ ಹೊಸದು ಬರೆದು ಗೋಡೆಗೆ ಅಂಟಿಸಿ. ಮುಖ್ಯವಾದ ಮೂವತ್ತು ಬರೆದರೆ ಮೊದಲ ವರ್ಷಕ್ಕೆ ಧಾರಾಳ.

ಬಾಯಿಪಾಠದ ಬಗ್ಗೆ ಒಂದು ಮಾತು: ಇಪ್ಪತ್ತು ವರ್ಷ ವಕೀಲಿ ಮಾಡಿದವರೂ ಕೋರ್ಟಿನಲ್ಲಿ ಪುಸ್ತಕ ತೆಗೆದು ಓದುತ್ತಾರೆ.

ಕ್ಲಾಸಲ್ಲಿ ಅರ್ಧ ಜನ ಲಾಯರ್ ಮಕ್ಕಳು. ಎಲ್ಲರೂ ನನಗಿಂತ ಬುದ್ಧಿವಂತರ ಹಾಗೆ ಕಾಣುತ್ತಾರೆ.

ಅವರು ಚಿಕ್ಕಂದಿನಿಂದ ಮನೆಯಲ್ಲಿ ‘ವಕಾಲತ್ತು’, ‘ವಾಯಿದೆ’, ‘ಸ್ಟೇ’ ಅಂತ ಕೇಳಿ ಬೆಳೆದಿದ್ದಾರೆ. ಅಷ್ಟೇ ವ್ಯತ್ಯಾಸ, ಅದು ವರ್ಷದೊಳಗೆ ಅಳಿಸಿಹೋಗುತ್ತದೆ. ಬೇಗ ಅಳಿಸಬೇಕು ಅಂದರೆ ಒಂದು ಶನಿವಾರ ಹತ್ತಿರದ ಕೋರ್ಟಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಸಾಮಾನ್ಯವಾಗಿ ಕೋರ್ಟ್ ಕಲಾಪ ಎಲ್ಲರಿಗೂ ತೆರೆದಿರುತ್ತದೆ. ರಜೆ ಇದೆಯಾ ಅಂತ ಮಾತ್ರ ಮೊದಲು ನೋಡಿಕೊಳ್ಳಿ, ಮೊಬೈಲ್ ಸೈಲೆಂಟ್ ಮಾಡಿ. ಬೆಂಚ್ ಕ್ಲರ್ಕ್ ಕೇಸಿನ ನಂಬರ್ ಕೂಗುವುದು, ವಕೀಲರು ಎದ್ದು ಬರುವುದು, ‘ಮುಂದಿನ ತಾರೀಖು’ ಕೊಡುವುದು, ಇವನ್ನು ಸುಮ್ನೆ ನೋಡಿ. ಪುಸ್ತಕದಲ್ಲಿ ಓದಿದ ಎಷ್ಟೋ ಪದಗಳಿಗೆ ಅಲ್ಲಿ ಮುಖ ಸಿಗುತ್ತದೆ. ಧಾರವಾಡ, ಕಲಬುರಗಿ ಕಡೆಯವರಿಗೆ ಹೈಕೋರ್ಟ್ ಪೀಠವೇ ಹತ್ತಿರದಲ್ಲಿದೆ.

ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನವರ ಜೊತೆ ಹೋಲಿಸಿಕೊಂಡು ಕೊರಗುವವರೂ ಇದ್ದಾರೆ. ಅಲ್ಲಿ ಓದಿದರೂ, ಇಲ್ಲಿ ಓದಿದರೂ ನೋಂದಣಿ ಅದೇ ಬಾರ್ ಕೌನ್ಸಿಲ್‌ನಲ್ಲಿ, ಬರೆಯಬೇಕಾದ್ದು ಅದೇ ಆಲ್ ಇಂಡಿಯಾ ಬಾರ್ ಪರೀಕ್ಷೆ.

ಪರೀಕ್ಷೆ ಹೇಗಿರುತ್ತದೆ? ಮೂರು ಗಂಟೆ ಸಾಕಾಗುತ್ತದಾ?

ಪ್ರಶ್ನೆಪತ್ರಿಕೆ ಐದು ಯೂನಿಟ್. ಪ್ರತಿ ಯೂನಿಟ್ಟಿನಿಂದ ಒಂದು ಹತ್ತು ಅಂಕದ ಪ್ರಬಂಧ ರೀತಿಯ ಉತ್ತರ, ಒಂದು ಆರು ಅಂಕದ ಟಿಪ್ಪಣಿ ಅಥವಾ ಸಮಸ್ಯೆ. ಒಟ್ಟು 80. ಉಳಿದ 20 ಇಂಟರ್ನಲ್ಸ್. ಮೂರು ಗಂಟೆಯನ್ನು ಐದರಿಂದ ಭಾಗಿಸಿದರೆ ಯೂನಿಟ್ಟಿಗೆ 36 ನಿಮಿಷ. ದೊಡ್ಡದಕ್ಕೆ 20, ಚಿಕ್ಕದಕ್ಕೆ 12 ಇಟ್ಟುಕೊಂಡರೆ ಉಸಿರಾಡಲೂ ಸಮಯ ಉಳಿಯುತ್ತದೆ. ಮೊದಲ ಉತ್ತರವನ್ನೇ ಒಂದು ಗಂಟೆ ಬರೆದು, ಕೊನೆಯ ಯೂನಿಟ್ ಬಿಟ್ಟು ಬರುವವರು ತುಂಬಾ ಜನ. ಚೆನ್ನಾಗಿ ಓದಿದವರೇ ಹೀಗೆ ಅಂಕ ಕಳೆದುಕೊಳ್ಳುತ್ತಾರೆ, ಅದೇ ಬೇಜಾರು.

ಸಮಸ್ಯೆ ರೂಪದ ಪ್ರಶ್ನೆಗೆ ಹೆದರಬೇಡಿ. ಘಟನೆ ಎರಡು ಸಾಲು, ಪ್ರಶ್ನೆ ಒಂದು ಸಾಲು, ಸೆಕ್ಷನ್, ಒಂದು ಕೇಸು, ನಿಮ್ಮ ತೀರ್ಮಾನ. ತೀರ್ಮಾನ ತಪ್ಪಾದರೂ ದಾರಿ ಸರಿ ಇದ್ದರೆ ಅಂಕ ಬರುತ್ತದೆ. ಹಳೇ ಪ್ರಶ್ನೆಪತ್ರಿಕೆಗಳು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಇವೆ. ವಾರಕ್ಕೆ ಒಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆಯಿರಿ.

ಕೆಲಸಕ್ಕೆ ಹೋಗ್ತಾ ಲಾ ಓದ್ತಿದ್ದೀನಿ. ಅಟೆಂಡೆನ್ಸ್ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮ ಪ್ರತಿ ವಿಷಯಕ್ಕೂ 70 ಪರ್ಸೆಂಟ್ ಹಾಜರಿ ಕೇಳುತ್ತದೆ. 2016ರಲ್ಲಿ ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸದ ಕಾರಣ ಒಬ್ಬ ಲಾ ವಿದ್ಯಾರ್ಥಿ ಜೀವ ಕಳೆದುಕೊಂಡ. ಆ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟು, ಹಾಜರಿ ಕೊರತೆಗಾಗಿ ಲಾ ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು, ಬಾರ್ ಕೌನ್ಸಿಲ್ ನಿಯಮವನ್ನೇ ಮತ್ತೆ ಪರಿಶೀಲಿಸಬೇಕು ಎಂದಿತು. ನಿಮ್ಮ ಕಾಲೇಜಿನಲ್ಲಿ ಈಗ ಏನು ನಡೆಯುತ್ತಿದೆ ಎಂದು ಆಫೀಸಿನಲ್ಲಿ ಕೇಳಿ, ಸೆಮಿಸ್ಟರ್ ಶುರುವಿನಲ್ಲೇ ಕೇಳಿ. ಕೆಲಸದ ವಿಷಯ ಮುಚ್ಚಿಡದೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಹುಷಾರಿಲ್ಲದೆ ರಜೆ ಹಾಕಿದರೆ ಡಾಕ್ಟರ್ ಚೀಟಿಯನ್ನು ಆಗಲೇ ಕೊಡಿ. ಪರೀಕ್ಷೆ ಹಿಂದಿನ ದಿನ ಕೊಟ್ಟರೆ ನಂಬುವವರು ಕಡಿಮೆ.

ನನಗೆ ನಲವತ್ತು. ಮಕ್ಕಳ ವಯಸ್ಸಿನವರ ಜೊತೆ ಕೂರಲು ಮುಜುಗರ.

ಮೂರು ವರ್ಷದ ಕೋರ್ಸಿನಲ್ಲಿ ನಿಮ್ಮ ವಯಸ್ಸಿನವರು ಇದ್ದೇ ಇರುತ್ತಾರೆ: ಬ್ಯಾಂಕಿನವರು, ಮೇಷ್ಟ್ರುಗಳು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು. ಬಾಡಿಗೆ ಕರಾರು, ಬ್ಯಾಂಕ್ ಸಾಲ, ಆಸ್ತಿ ಭಾಗ ಇವನ್ನೆಲ್ಲ ನೀವು ಬದುಕಿನಲ್ಲೇ ಕಂಡಿದ್ದೀರಿ. ಆಗಷ್ಟೇ ಡಿಗ್ರಿ ಮುಗಿಸಿ ಬಂದ ಹುಡುಗರು ಅದನ್ನು ಪುಸ್ತಕದಲ್ಲಿ ಊಹಿಸಿಕೊಳ್ಳಬೇಕು. ಅವರಿಗೆ ನೋಟ್ಸ್ ಬರೆಯುವ ಚುರುಕು ಇರುತ್ತದೆ. ಜೊತೆಯಾಗಿ ಓದಿ, ಇಬ್ಬರಿಗೂ ಲಾಭ.

ಮೂಟ್ ಕೋರ್ಟ್ ಅಂದರೆ ಕೈಕಾಲು ನಡುಗುತ್ತದೆ. ಇಂಟರ್ನ್‌ಶಿಪ್ ಕೂಡ ಈಗಲೇ ಮಾಡಬೇಕಾ?

ಮೊದಲ ಸೆಮಿಸ್ಟರ್‌ನಲ್ಲಿ ಎರಡೂ ಅವಸರ ಇಲ್ಲ. ಇಂಟರ್ನ್‌ಶಿಪ್ ಒಟ್ಟು ಕೋರ್ಸಿಗೆ ಲೆಕ್ಕ: ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಮೂಟ್‌ಗೆ (ವಿದ್ಯಾರ್ಥಿಗಳು ವಾದ ಮಾಡುವ ಅಣಕು ಕೋರ್ಟಿಗೆ) ಮೊದಲು ಸೀನಿಯರ್‌ಗಳದ್ದನ್ನು ನೋಡಿ. ಆಮೇಲೆ ತಂಡದಲ್ಲಿ ರಿಸರ್ಚರ್ ಆಗಿ ಸೇರಿ, ಅಲ್ಲಿ ಮಾತಾಡುವ ಕೆಲಸ ಇರುವುದಿಲ್ಲ.

ದುಡ್ಡಿನ ಚಿಂತೆಯೇ ಓದಲು ಬಿಡುತ್ತಿಲ್ಲ.

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಬಿಸಿಎಂ (ಹಿಂದುಳಿದ ವರ್ಗಗಳ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳ ಬಗ್ಗೆ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಈಗಲೇ ಸರಿ ಮಾಡಿಟ್ಟುಕೊಳ್ಳಿ. ಮುಂದೆ ಸನ್ನದು (ವಕೀಲಿ ಮಾಡುವ ಪರವಾನಗಿ) ತೆಗೆದುಕೊಳ್ಳಲು ಸಾವಿರಾರು ರೂಪಾಯಿ ಬೇಕು ಅಂತ ಯಾರಾದರೂ ಹೆದರಿಸಿದರೆ ಇದನ್ನು ಹೇಳಿ: ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ನೋಂದಣಿ ಶುಲ್ಕವು ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ಇರಬೇಕು ಎಂದಿದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125.

ಲಾ ಸೇರಿದ ತಕ್ಷಣ ನೆಂಟರೆಲ್ಲ ಜಮೀನಿನ ಕಾಗದ ಹಿಡಿದು ಬರುತ್ತಿದ್ದಾರೆ. ಗೊತ್ತಿಲ್ಲ ಅಂದರೆ ನಗುತ್ತಾರೆ.

ಇದು ನಿಜವಾದ ಒತ್ತಡ, ಕ್ಲಾಸಿನಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಊಟದ ಎಲೆ ಎತ್ತುವ ಮೊದಲೇ ದೊಡ್ಡಪ್ಪ ಪಹಣಿ ತಂದು ಮುಂದಿಡುತ್ತಾರೆ. ಸಲಹೆ ಕೊಡಬೇಡಿ. ಅರ್ಧ ತಿಳಿದು ಹೇಳಿದ ಮಾತಿನಿಂದ ವಾಯಿದೆ ಮೀರಿ ಅವರು ಆಸ್ತಿ ಕಳೆದುಕೊಂಡರೆ ಆ ಭಾರ ನಿಮ್ಮ ಮೇಲೆ. ‘ದೊಡ್ಡಪ್ಪ, ನನಗಿನ್ನೂ ಸನ್ನದು ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗೋಣ, ನಾನೇ ಜೊತೆಗೆ ಬರ್ತೀನಿ’ ಅನ್ನಿ. ಕೋರ್ಟ್ ಆವರಣದಲ್ಲೇ ಅದರ ಆಫೀಸು ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನೂ ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅವರಿಗೂ ಸಹಾಯ ಆಗುತ್ತದೆ, ನೀವೂ ಒಂದು ವಿಷಯ ಕಲಿಯುತ್ತೀರಿ.

ಸೀನಿಯರ್‌ಗಳು ರ‍್ಯಾಗಿಂಗ್ ಮಾಡುತ್ತಿದ್ದಾರೆ.

ಸಹಿಸಿಕೊಳ್ಳಬೇಡಿ. 1800-180-5522, ಇದು ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಮೆಸೇಜ್, ಫೋಟೋ ಏನಿದ್ದರೂ ಅಳಿಸದೆ ಇಟ್ಟುಕೊಳ್ಳಿ.

ಇದು ಮಾಮೂಲಿ ಟೆನ್ಷನ್ನಾ, ಸಹಾಯ ಬೇಕಾದ ಹಂತವಾ? ಹೇಗೆ ಗೊತ್ತಾಗುತ್ತದೆ?

ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ತಳಮಳ, ಒಂದೆರಡು ರಾತ್ರಿ ನಿದ್ದೆಗೇಡು ಮಾಮೂಲಿ. ಆದರೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟರೆ, ಬೆಳಿಗ್ಗೆ ಏಳಲೇ ಮನಸ್ಸಾಗದಿದ್ದರೆ, ಗೆಳೆಯರ ಫೋನ್ ಎತ್ತಲೂ ಬೇಡ ಅನಿಸಿದರೆ ಕಾಯಬೇಡಿ. 14416, ಟೆಲಿ ಮಾನಸ್. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಆ ಕ್ಷಣವೇ ಹತ್ತಿರ ಇರುವವರಿಗೆ ಹೇಳಿ, ಒಬ್ಬರೇ ಇರಬೇಡಿ, ಫೋನ್ ಮಾಡಿ. ರೂಮ್‌ಮೇಟ್ ಹೀಗೆ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ, ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿ ಕೊಡಿ.

ಡಾಕ್ಟರ್ ಹತ್ತಿರ ಹೋದರೆ ಮುಂದೆ ಸನ್ನದು ಸಿಗುವುದಿಲ್ಲವಾ ಅಂತ ಕೆಲವರು ಪಿಸುಮಾತಿನಲ್ಲಿ ಕೇಳುತ್ತಾರೆ. ಆತಂಕಕ್ಕೆ, ಖಿನ್ನತೆಗೆ ಚಿಕಿತ್ಸೆ ತೆಗೆದುಕೊಂಡರು ಅಂತ ಯಾರಿಗೂ ಸನ್ನದು ತಪ್ಪುವುದಿಲ್ಲ. ಧೈರ್ಯವಾಗಿ ಹೋಗಿ.

ಬಿಟ್ಟುಬಿಡೋಣ ಅನಿಸುತ್ತಿದೆ.

ಬಿಡುವುದು ಅವಮಾನ ಅಲ್ಲ. ಆದರೆ ಕೆಟ್ಟ ವಾರದಲ್ಲಿ ತೀರ್ಮಾನ ಮಾಡಬೇಡಿ, ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದು ಆಮೇಲೆ ಯೋಚಿಸಿ. ಐದು ವರ್ಷದ ಕೋರ್ಸಿನವರು ಒಂದು ವಿಷಯ ತಿಳಿದಿರಬೇಕು. ಮೂರು ವರ್ಷ ಓದಿ ಬಿಎ ಡಿಗ್ರಿ ಮಾತ್ರ ತೆಗೆದುಕೊಂಡು ಹೊರಗೆ ಬರಲು ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಹಾಗಾಗಿ ಬಿಡುವುದಿದ್ದರೆ ಮೊದಲ ವರ್ಷವೇ ಬಿಡುವುದು ಲೇಸು. ಲಾ ಬೇಡವೋ, ಈ ಕಾಲೇಜು ಬೇಡವೋ, ಮನೆಯಿಂದ ದೂರ ಇರುವುದು ಬೇಡವೋ, ಇವು ಮೂರು ಬೇರೆ ಬೇರೆ. ಯಾವುದು ಅಂತ ಕಾಗದದ ಮೇಲೆ ಬರೆದು ನೋಡಿ.

ಮೊದಲ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಹೋಯಿತು. ಮನೆಯಲ್ಲಿ ಹೇಗೆ ಹೇಳಲಿ?

ಫಲಿತಾಂಶ ಬಂದ ದಿನವೇ ಹೇಳಿ, ಮುಂದೆ ಏನು ಮಾಡುತ್ತೀರಿ ಅನ್ನುವುದನ್ನೂ ಜೊತೆಗೆ ಹೇಳಿ. ಒಳ್ಳೆ ಹೆಸರು ಮಾಡಿದ ವಕೀಲರಲ್ಲೂ ಮೊದಲ ವರ್ಷ ಸಬ್ಜೆಕ್ಟ್ ಕಳೆದುಕೊಂಡವರಿದ್ದಾರೆ. ಚೆನ್ನಾಗಿ ಬರೆದಿದ್ದೆ ಅನ್ನುವ ಭರವಸೆ ಇದ್ದರೆ ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ, ಪಾಠ ಮಾಡಿದ ಮೇಷ್ಟ್ರಿಗೆ ತೋರಿಸಿ, ಅವರು ಹೂಂ ಅಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಇದಕ್ಕೆಲ್ಲ ಕೊನೆಯ ದಿನಾಂಕ ಇರುತ್ತದೆ, ಅಳುತ್ತಾ ಕೂತರೆ ಅದು ದಾಟಿಹೋಗುತ್ತದೆ. ಕಾಲೇಜು ಆಫೀಸಿಗೆ ಮಾರನೇ ದಿನವೇ ಹೋಗಿ.